ಮಗ್ಗಕ್ಕೆ ಒಗ್ಗಿದ ನಕ್ಷೆ: ಗೇಮ್ ಗ್ರಾಫಿಕ್ಸ್ ಚಂದ ಆಗುವುದು ಹೇಗೆ

(ಬಾಗಲಕೋಟೆಯ ನವನಗರದಲ್ಲಿ ಆನಿಮೇಷನ್ ಮತ್ತು ಕಂಪ್ಯೂಟರ್ ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ)

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬ ಹುಡುಗ ತಡೆದು ಕೇಳಿದ: "ಸರ್, ನಮ್ಮಣ್ಣನ ಕಂಪ್ಯೂಟರಿಗೆ ಒಂದೂವರೆ ಲಕ್ಷ ಬಿದ್ದೈತ್ರೀ. ಗೆಳ್ಯಾನ ಮನ್ಯಾಗಿನ ಪ್ಲೇಸ್ಟೇಷನ್‌ಗೆ ಅದರ ಅರ್ಧಾನೂ ಆಗಿಲ್ಲ. ಆದ್ರೂ ಅದರಾಗಿನ ಗೇಮ್ ಜಾಸ್ತಿ ಚಂದ ಕಾಣಸ್ತಾವ. ಯಾಕ್ರೀ?" ಬರೆದುಕೊಂಡು ಬಂದ ಹಾಳೆಯನ್ನು ಪಕ್ಕಕ್ಕಿಟ್ಟು ಅವನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅವನ ವಯಸ್ಸಿನಲ್ಲಿ ನನ್ನ ತಲೆ ತಿಂದದ್ದೂ ಇದೇ ಪ್ರಶ್ನೆ.

ನಾನು ಗುಳೇದಗುಡ್ಡದವನು. ಅಪ್ಪ ಖಣ ನೇಯುತ್ತಿದ್ದರು. ಅವರು ನೇಯ್ದ ಒಂದು ತುಂಡನ್ನು ಇವತ್ತು ತಂದಿದ್ದೇನೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಕೈ ಚಾಚಿ ಹಿಡಿದರೆ ದುಂಡನೆಯ ಹೂವು ಕಾಣುತ್ತದೆ. ಈಗ ಕಣ್ಣಿನ ಹತ್ತಿರ ತನ್ನಿ. ಹೂವಿನ ಅಂಚು ಮೆಟ್ಟಿಲು ಮೆಟ್ಟಿಲಾಗಿದೆ, ಅಲ್ವಾ? ಹಾಸು ಒಂದು ಕಡೆ, ಹೊಕ್ಕು ಇನ್ನೊಂದು ಕಡೆ, ಅವು ಕೂಡುವ ಜಾಗದಲ್ಲಿ ಒಂದು ಚುಕ್ಕಿ. ದುಂಡು ಗೆರೆ ಎಳೆಯಲು ಮಗ್ಗಕ್ಕೆ ಬರುವುದೇ ಇಲ್ಲ. ಎಲ್ಲಿ ಎಳೆ ಎತ್ತಬೇಕು, ಎಲ್ಲಿ ಬಿಡಬೇಕು ಅಂತ ಗೊತ್ತಿದ್ದವರು ಆ ಮೆಟ್ಟಿಲಲ್ಲೇ ದುಂಡನ್ನು ತೋರಿಸುತ್ತಾರೆ.

ಚಿಕ್ಕವನಿದ್ದಾಗ ಹಾಳೆ ತುಂಬ ಒಂದು ನವಿಲು ಬಿಡಿಸಿ, ಇದನ್ನೇ ನೇಯಬೇಕು ಅಂತ ಹಟ ಹಿಡಿದಿದ್ದೆ. ಅಪ್ಪ ಲಾಳಿ ನಿಲ್ಲಿಸಿ ಹಾಳೆಯನ್ನು ಬಹಳ ಹೊತ್ತು ನೋಡಿದರು. "ತಮ್ಮಾ, ಹಾಳಿ ಮ್ಯಾಲ ಚಂದ ಇದ್ರ ಸಾಲೂದಿಲ್ಲ. ಮಗ್ಗಕ್ಕ ಒಗ್ಗಬೇಕು. ಈ ನವಿಲಿನಾಗ ಏನೇನ್ ಬಿಡ್ತಿ ಹೇಳು, ನೇಯ್ತೀನಿ" ಅಂದರು. ಏನು ಬಿಡುತ್ತೀಯ ಅನ್ನುವ ಆ ಮಾತನ್ನು ಮುಂದೆ ಹನ್ನೊಂದು ವರ್ಷ ಬೆಂಗಳೂರಿನಲ್ಲಿ ದಿನಾ ಕೇಳಿದೆ. ಗೇಮ್‌ಗಳಿಗೆ ಗೋಡೆ, ಬೀದಿ, ಬಂಡೆ, ಗಿಡ ಮಾಡಿಕೊಡುವ ಕೆಲಸ ನನ್ನದಾಗಿತ್ತು.

ಮೊದಲು ಒಂದು ಲೆಕ್ಕ ನೋಡೋಣ. ಆನಿಮೇಷನ್ ಸಿನಿಮಾದವರು ಒಂದೇ ಒಂದು ಫ್ರೇಮಿಗಾಗಿ, ಅಂದರೆ ಒಂದು ಚಿತ್ರಕ್ಕಾಗಿ, ಕಂಪ್ಯೂಟರುಗಳನ್ನು ಗಂಟೆಗಟ್ಟಲೆ ಓಡಿಸಬಹುದು. ಗೇಮಿಗೆ ಆ ಪುರಸೊತ್ತಿಲ್ಲ. ಸೆಕೆಂಡಿಗೆ 30 ಫ್ರೇಮ್ ತೋರಿಸಬೇಕಾದರೆ ಒಂದೊಂದಕ್ಕೆ 33 ಮಿಲಿಸೆಕೆಂಡ್ ಸಿಗುತ್ತದೆ. 60 ಬೇಕು ಅಂದರೆ 16 ಚಿಲ್ಲರೆ. ನೀವು ಒಂದು ಸಲ ಕಣ್ಣು ಮಿಟುಕಿಸುವುದರೊಳಗೆ ಆರೇಳು ಚಿತ್ರ ಬಿಡಿಸಿ ಮುಗಿದಿರಬೇಕು. 4ಕೆ ಟಿವಿ ಆದರೆ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ ಚುಕ್ಕಿ. ಸೆಕೆಂಡಿಗೆ 60 ಸಲ ಅಂದರೆ ಹತ್ತಿರ ಹತ್ತಿರ 50 ಕೋಟಿ ಚುಕ್ಕಿಗೆ ಬಣ್ಣ ತುಂಬಬೇಕು. ಈ ಚುಕ್ಕಿಗೆ ಬೆಳಕು ಎಲ್ಲಿಂದ ಬಂತು, ಇದು ಕಲ್ಲೋ ಚರ್ಮವೋ ನೀರೋ, ನೆರಳಿದೆಯೋ ಇಲ್ಲವೋ ಅಂತ ಒಂದೊಂದಕ್ಕೂ ಕೇಳಬೇಕು. ಅದೇ ಹೊತ್ತಿನಲ್ಲಿ ವೈರಿ ಎಲ್ಲಿ ಓಡಿದ, ಸದ್ದು ಯಾವ ಕಡೆಯಿಂದ ಬರಬೇಕು ಅನ್ನುವ ಲೆಕ್ಕವೂ ನಡೆಯಬೇಕು.

ಎಂಥ ದೊಡ್ಡ ಯಂತ್ರ ತಂದರೂ ಆ 16 ಮಿಲಿಸೆಕೆಂಡ್ ಹಿಗ್ಗುವುದಿಲ್ಲ. ಎಲ್ಲವನ್ನೂ ಪೂರ್ತಿ ಲೆಕ್ಕ ಹಾಕಿ ತೋರಿಸುತ್ತೇನೆ ಅನ್ನುವ ಗೇಮ್ ಇಲ್ಲಿಯವರೆಗೆ ಬಂದಿಲ್ಲ. ಎಲ್ಲರೂ ಬಿಡುತ್ತಾರೆ. ಯಾರು ನಮಗೆ ಗೊತ್ತಾಗದ ಹಾಗೆ ಬಿಡುತ್ತಾರೋ ಅವರ ಗೇಮನ್ನು ನಾವು ಚಂದ ಅನ್ನುತ್ತೇವೆ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಕಂಪ್ಯೂಟರಿಗೆ ಗೇಮ್ ಮಾಡುವವರಿಗೆ, ಆಡುವವನ ಮೇಜಿನ ಮೇಲೆ ಯಾವ ಯಂತ್ರ ಇದೆ ಅಂತ ಗೊತ್ತಿರುವುದಿಲ್ಲ. ಒಬ್ಬನ ಹತ್ತಿರ ಹತ್ತು ವರ್ಷದ ಹಳೇ ಗ್ರಾಫಿಕ್ಸ್ ಕಾರ್ಡ್, ಇನ್ನೊಬ್ಬನ ಹತ್ತಿರ ಮೊನ್ನೆ ಬಂದದ್ದು. ಇಬ್ಬರಿಗೂ ಓಡಬೇಕು. ನಿಮ್ಮಣ್ಣನ ಯಂತ್ರದ ಪೂರ್ತಿ ಶಕ್ತಿ ಹಿಂಡಿ ತೆಗೆಯುವ ಗೇಮನ್ನು ಅವನೊಬ್ಬನಿಗಾಗಿ ಯಾರೂ ಬರೆಯುವುದಿಲ್ಲ. ಗೆಳೆಯನ ಪೆಟ್ಟಿಗೆಗೆ ಬರೆಯುತ್ತಾರೆ, ಯಾಕಂದರೆ ಅದೇ ಪೆಟ್ಟಿಗೆ, ಅದೇ ಚಿಪ್, ಅಷ್ಟೇ ಮೆಮೊರಿ ಕೋಟಿಗಟ್ಟಲೆ ಮನೆಗಳಲ್ಲಿದೆ. ಅದೊಂದಕ್ಕೇ ವರ್ಷಗಟ್ಟಲೆ ಕೈ ಹಚ್ಚಿ ಕೂತ ಸ್ಟುಡಿಯೋಗಳಿವೆ. ಪ್ಲೇಸ್ಟೇಷನ್ ಮಾಡುವ ಸೋನಿ ಕಡೆ ಅಮೆರಿಕದ ನಾಟಿ ಡಾಗ್, ಸಾಂಟಾ ಮೋನಿಕಾ ಸ್ಟುಡಿಯೋ, ಇನ್ಸೋಮ್ನಿಯಾಕ್, ಆಮ್‌ಸ್ಟರ್‌ಡ್ಯಾಮಿನ ಗೆರಿಲ್ಲಾ. ನಿಂಟೆಂಡೊ ತನ್ನ ದೊಡ್ಡ ಗೇಮ್‌ಗಳನ್ನು ಮೊದಲಿಂದಲೂ ಮನೆಯಲ್ಲೇ ಮಾಡಿಕೊಳ್ಳುತ್ತದೆ. ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್‌ಗೂ ಸ್ವಂತ ಸ್ಟುಡಿಯೋಗಳಿವೆ. ಇಂಥ ಗೇಮ್ ಪೆಟ್ಟಿಗೆಗೆ ಕನ್ಸೋಲ್ ಅಂತ ಹೆಸರು, ಅದಕ್ಕಾಗಿಯೇ ಗೇಮ್ ಮಾಡುವ ಇವರನ್ನೇ ಕನ್ಸೋಲ್ ಎಕ್ಸ್‌ಕ್ಲೂಸಿವ್ ಸ್ಟುಡಿಯೋಗಳು ಅನ್ನುವುದು.

ಒಂದೇ ಯಂತ್ರವನ್ನು ಹಚ್ಚಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ 1996ರದ್ದು. ಮೊದಲ ಪ್ಲೇಸ್ಟೇಷನ್‌ಗೆ ಬಂದ ಕ್ರ್ಯಾಶ್ ಬ್ಯಾಂಡಿಕೂಟ್. ಆ ಯಂತ್ರಕ್ಕೆ ಇದ್ದ ಮುಖ್ಯ ಮೆಮೊರಿ 2 ಎಂಬಿ. ನಿಮ್ಮ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರೊಳಗೆ ಹಿಡಿಸುವುದು ಕಷ್ಟ. ಅಷ್ಟರಲ್ಲಿ ಕಾಡು, ಹೊಳೆ, ಉರುಳಿ ಬರುವ ಬಂಡೆ, ಎಲ್ಲ ಆಗಬೇಕಿತ್ತು.

ನಾಟಿ ಡಾಗ್‌ನವರು ಏನು ಮಾಡಿದರು ಗೊತ್ತಾ? ಕ್ಯಾಮರಾ ಎಲ್ಲಿ ಬೇಕಾದರೂ ತಿರುಗುವ ಅವಕಾಶವನ್ನೇ ಬಿಟ್ಟರು. ಗೇಮಿನ ನಾಯಕ ಪ್ರಾಣಿ ಕ್ರ್ಯಾಶ್ ಓಡುವುದು ಒಂದು ಓಣಿಯಂಥ ದಾರಿಯಲ್ಲಿ, ಕ್ಯಾಮರಾ ಅದೇ ದಾರಿಯ ಗುಂಟ ಬರುತ್ತದೆ. ಹಾಗಾಗಿ ದಾರಿಯ ಯಾವ ಜಾಗದಲ್ಲಿ ನಿಂತರೆ ಯಾವ ತ್ರಿಕೋನ (ಗೇಮಿನ ಆಕಾರಗಳೆಲ್ಲ ಸಣ್ಣ ಸಣ್ಣ ತ್ರಿಕೋನ ಜೋಡಿಸಿ ಮಾಡಿದವು) ಕಾಣುತ್ತದೆ, ಯಾವುದು ಯಾವುದರ ಹಿಂದೆ ಮರೆಯಾಗುತ್ತದೆ ಅನ್ನುವುದನ್ನು ತಮ್ಮ ಆಫೀಸಿನ ದೊಡ್ಡ ಕಂಪ್ಯೂಟರುಗಳಲ್ಲಿ ಮೊದಲೇ ಲೆಕ್ಕ ಹಾಕಿ ಡಿಸ್ಕಿನಲ್ಲಿ ಬರೆದಿಟ್ಟರು. ಮನೆಯ ಪ್ಲೇಸ್ಟೇಷನ್ ಆ ಲೆಕ್ಕವನ್ನು ಮತ್ತೆ ಹಾಕಬೇಕಿಲ್ಲ, ಸುಮ್ನೆ ಓದಿಕೊಂಡರೆ ಆಯಿತು. ಮೆಮೊರಿ ಸಾಲದ್ದಕ್ಕೆ, ಓಡುತ್ತಿರುವಾಗಲೇ ಸಿಡಿಯಿಂದ ಸಣ್ಣ ಸಣ್ಣ ತುಂಡಾಗಿ ಮುಂದಿನ ದಾರಿಯನ್ನು ಎಳೆದುಕೊಳ್ಳುವ ಏರ್ಪಾಡು ಮಾಡಿದರು.

ಕ್ರ್ಯಾಶ್‌ನ ಮೈ ನೋಡಿ. ಆ ಯಂತ್ರ ಚಿತ್ರ ಅಂಟಿಸಿದ ತ್ರಿಕೋನಕ್ಕಿಂತ ಬರೀ ಬಣ್ಣದ ತ್ರಿಕೋನವನ್ನು ಬೇಗ ಬಿಡಿಸುತ್ತದೆ ಅಂತ ಅವರು ಪರೀಕ್ಷೆ ಮಾಡಿ ಕಂಡುಕೊಂಡಿದ್ದರು. ಅದಕ್ಕೇ ಅವನ ಮೈಗೆ ಹೆಚ್ಚಾಗಿ ಬರೀ ಬಣ್ಣ. ಚಿತ್ರ ಬಿಟ್ಟು ಉಳಿಸಿದ್ದನ್ನು ಆಕಾರಕ್ಕೆ ಖರ್ಚು ಮಾಡಿದರು. ಸುಮಾರು 512 ತ್ರಿಕೋನದಲ್ಲಿ ಇಡೀ ಪ್ರಾಣಿ. ಅವತ್ತಿನ ಟಿವಿಯಲ್ಲಿ ಅವನು ಬೊಟ್ಟಿನಷ್ಟು ಕಾಣುತ್ತಿದ್ದ, ಆದರೂ ಮುಖದ ಭಾವ ತಿಳಿಯಬೇಕು. ಅದಕ್ಕೆ ದೊಡ್ಡ ತಲೆ, ದೊಡ್ಡ ಬಾಯಿ, ಕೈಗೆ ಗವಸು. ಕುತ್ತಿಗೆಯೇ ಇಲ್ಲ! ನಾನು ಎಷ್ಟೋ ವರ್ಷ ಅದನ್ನು ತಮಾಷೆಯ ಚಿತ್ರ ಅಂದುಕೊಂಡಿದ್ದೆ. ಆಮೇಲೆ ಈ ಲೆಕ್ಕವೆಲ್ಲ ತಿಳಿದಾಗ ಅಪ್ಪನ ಹೂವಿನ ಮೆಟ್ಟಿಲು ನೆನಪಾಯಿತು. ಯಂತ್ರದ ಸ್ವಭಾವ ತಿಳಿದ ಕೈ ಬಿಡಿಸಿದ ಪ್ರಾಣಿ ಅದು.

ಮುಂದೆ 2001ರಲ್ಲಿ ನಾಟಿ ಡಾಗನ್ನು ಸೋನಿ ಕೊಂಡಿತು. 2006ರಲ್ಲಿ ಪ್ಲೇಸ್ಟೇಷನ್ 3 ಬಂತು. ಅದರೊಳಗಿನ ಸೆಲ್ ಪ್ರೊಸೆಸರ್ ವಿಚಿತ್ರದ್ದು. ಒಂದು ಮುಖ್ಯ ಮೆದುಳು, ಅದರ ಸುತ್ತ ಸಣ್ಣ ಸಣ್ಣ ಸಹಾಯಕರು. ಒಬ್ಬೊಬ್ಬ ಸಹಾಯಕನಿಗೆ 256 ಕೆಬಿ ಜಾಗ. ಕೆಲಸವನ್ನು ಆ ಅಳತೆಗೆ ಕತ್ತರಿಸಿ ಅವರ ಬಾಯಿಗೆ ಇಡಬೇಕು. ಇಲ್ಲದಿದ್ದರೆ ಖಾಲಿ ಕೂತುಬಿಡುತ್ತಾರೆ. ಎರಡು ಮೂರು ಯಂತ್ರಕ್ಕೆ ಒಟ್ಟಿಗೆ ಗೇಮ್ ಮಾಡುತ್ತಿದ್ದ ಕಂಪನಿಗಳಿಗೆ ಇದೊಂದಕ್ಕಾಗಿ ಅಷ್ಟು ತಲೆ ಕೆಡಿಸಿಕೊಳ್ಳುವ ಪುರಸೊತ್ತು ಎಲ್ಲಿತ್ತು? ಸೋನಿಯ ಸ್ವಂತ ಸ್ಟುಡಿಯೋಗಳಿಗೆ ಬೇರೆ ದಾರಿಯೇ ಇರಲಿಲ್ಲ. ನಾಟಿ ಡಾಗ್ ಕಟ್ಟಡದಲ್ಲೇ ಐಸ್ ಟೀಮ್ ಅಂತ ಒಂದು ತಂಡ ಕೂತು, ಆ ಯಂತ್ರವನ್ನು ಪಳಗಿಸುವ ಉಪಕರಣಗಳನ್ನು ಬರೆದು ಉಳಿದ ಸ್ಟುಡಿಯೋಗಳಿಗೂ ಹಂಚುತ್ತಿತ್ತು. ನಮ್ಮೂರಿನಲ್ಲಿ ಹಾಗೇ ಅಲ್ವಾ? ಒಬ್ಬರ ಮಗ್ಗ ಕೆಟ್ಟರೆ ಓಣಿಯ ಇನ್ನೊಬ್ಬರು ಬಂದು ಸರಿ ಮಾಡುತ್ತಾರೆ, ಯಾಕಂದರೆ ಅವರ ಮನೆಯಲ್ಲೂ ಅದೇ ಮಗ್ಗ.

ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. 2007ರ ಮೊದಲ ಅನ್‌ಚಾರ್ಟೆಡ್‌ನ ವಿಡಿಯೋ ನೋಡಿ, ಆಮೇಲೆ 2013ರ ದಿ ಲಾಸ್ಟ್ ಆಫ್ ಅಸ್ ನೋಡಿ. ಎರಡೂ ನಾಟಿ ಡಾಗ್‌ನವು. ಎರಡೂ ಅದೇ ಪ್ಲೇಸ್ಟೇಷನ್ 3 ಮೇಲೆ ಓಡಿದವು. ಅದೇ 256 ಎಂಬಿ ಮುಖ್ಯ ಮೆಮೊರಿ, ಅದೇ 256 ಎಂಬಿ ಚಿತ್ರದ ಮೆಮೊರಿ. ನಡುವೆ ಆರು ವರ್ಷದಲ್ಲಿ ಯಂತ್ರದ ಒಂದು ಸ್ಕ್ರೂ ಕೂಡ ದೊಡ್ಡದಾಗಲಿಲ್ಲ. ಬದಲಾದದ್ದು ಕೈ.

ಇದರ ಉಲ್ಟಾ ಸಾಕ್ಷಿಯೂ ಇದೆ. ದಿ ಲಾಸ್ಟ್ ಆಫ್ ಅಸ್‌ನ ಅದೇ ಕಥೆಯನ್ನು ಹೊಸದಾಗಿ ಕಟ್ಟಿ 2022ರಲ್ಲಿ ಪ್ಲೇಸ್ಟೇಷನ್ 5ಕ್ಕೆ ತಂದರು. ಚೆನ್ನಾಗಿ ಓಡಿತು. 2023ರ ಮಾರ್ಚಿನಲ್ಲಿ ಅದನ್ನೇ ಕಂಪ್ಯೂಟರಿಗೆ ಬಿಟ್ಟಾಗ ಶುರುವಿನಲ್ಲಿ ಎಷ್ಟೋ ಯಂತ್ರಗಳಲ್ಲಿ ತಡವರಿಸಿತು. ಮೇಲಿಂದ ಮೇಲೆ ತಪ್ಪು ತಿದ್ದುವ ಪ್ಯಾಚ್ ಬಿಡಬೇಕಾಯಿತು. ಅಷ್ಟು ಪಳಗಿದ ಸ್ಟುಡಿಯೋದ ಗೇಮಿಗೇ ಗೊತ್ತಿಲ್ಲದ ಯಂತ್ರಗಳು ಕಾಡಿದವು.

ಯಂತ್ರದ ಮಾತಿನಲ್ಲೇ ಇನ್ನೊಂದು ಹೇಳಿಬಿಡುತ್ತೇನೆ, ನನಗೆ ಇದು ಅಚ್ಚರಿಯ ವಿಷಯ. ಇನ್ಸೋಮ್ನಿಯಾಕ್ 2018ರಲ್ಲಿ ಪ್ಲೇಸ್ಟೇಷನ್ 4ಕ್ಕೆ ಸ್ಪೈಡರ್‌ಮ್ಯಾನ್ ಗೇಮ್ ಮಾಡಿತು. ಅವನು ನ್ಯೂಯಾರ್ಕಿನ ಬೀದಿ ಮೇಲೆ ತೂಗಾಡುತ್ತಾ ಹೋಗುವ ವೇಗಕ್ಕೆ ಮುಂದಿನ ಬೀದಿ ಸಿದ್ಧ ಇರಬೇಕು. ಆದರೆ ಆ ಯಂತ್ರದಲ್ಲಿದ್ದದ್ದು ತಿರುಗುವ ಹಾರ್ಡ್ ಡಿಸ್ಕ್. ಒಂದು ಟಪಾಲು ಡಬ್ಬಿಯ ಚಿತ್ರ ಡಿಸ್ಕಿನ ಒಂದು ಮೂಲೆಯಲ್ಲಿ, ಗೋಡೆಯ ಚಿತ್ರ ಇನ್ನೊಂದು ಮೂಲೆಯಲ್ಲಿ ಇದ್ದರೆ, ಓದುವ ಮುಳ್ಳು ಅತ್ತಿತ್ತ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಅದಕ್ಕೆ ಒಂದೊಂದು ಬೀದಿಯ ಸಾಮಾನನ್ನೂ ಒಂದೇ ಕಡೆ ಒಟ್ಟಿಗೆ ಕಟ್ಟಿಟ್ಟರು. ಅದೇ ವಸ್ತು ಇನ್ನೊಂದು ಬೀದಿಯಲ್ಲೂ ಬೇಕಾ? ಅಲ್ಲೂ ಒಂದು ಪ್ರತಿ. ಹೀಗೆ ಕೆಲವು ವಸ್ತುಗಳು ಡಿಸ್ಕಿನಲ್ಲಿ 400 ಸಲ ಬರೆದಿದ್ದವು ಅಂತ ಪ್ಲೇಸ್ಟೇಷನ್ 5 ವಿನ್ಯಾಸ ಮಾಡಿದ ಮಾರ್ಕ್ ಸೆರ್ನಿ 2020ರಲ್ಲಿ ಹೇಳಿದರು.

ಈ ಸೆರ್ನಿ ಕ್ರ್ಯಾಶ್ ಕಾಲದಿಂದಲೂ ನಾಟಿ ಡಾಗ್ ಜೊತೆ ಕೆಲಸ ಮಾಡಿದವರು. ಹೊಸ ಯಂತ್ರ ಕಟ್ಟುವ ಮೊದಲು ಗೇಮ್ ಮಾಡುವವರ ಹತ್ತಿರ ಹೋಗಿ, ನಿಮಗೆ ಏನು ಬೇಕು ಅಂತ ಕೇಳಿದರು. ಬಹಳ ಜನ ಕೇಳಿದ್ದು ಒಂದೇ, ತಿರುಗುವ ಡಿಸ್ಕ್ ತೆಗೆದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಕೊಡಿ ಅಂತ. ಪ್ಲೇಸ್ಟೇಷನ್ 5ರಲ್ಲಿ ಸೆಕೆಂಡಿಗೆ 5.5 ಜಿಬಿ ಓದುವ ಎಸ್‌ಎಸ್‌ಡಿ ಬಂತು. ಅದು ಬರುವ ಮೊದಲೇ, 2019ರಲ್ಲಿ, ಸೋನಿ ಒಂದು ಪ್ರಾತ್ಯಕ್ಷಿಕೆ ತೋರಿಸಿತ್ತು. ಅದೇ ಸ್ಪೈಡರ್‌ಮ್ಯಾನ್ ಗೇಮಿನಲ್ಲಿ ಹಳೆಯ ಯಂತ್ರಕ್ಕೆ ಸುಮಾರು 8 ಸೆಕೆಂಡ್ ಹಿಡಿದ ಲೋಡಿಂಗ್ ಹೊಸದರಲ್ಲಿ ಒಂದು ಸೆಕೆಂಡಿನೊಳಗೆ ಮುಗಿಯಿತು. ನೇಕಾರನನ್ನು ಕೇಳಿ ಮಗ್ಗ ಮಾಡಿದ ಹಾಗೆ. ಸ್ಟುಡಿಯೋ ಮತ್ತು ಯಂತ್ರ ಮಾಡುವವರು ಒಂದೇ ಮನೆಯವರಾದರೆ ಈ ಲಾಭ ಇದೆ.

ದುಡ್ಡಿನ ಮಾತನ್ನು ಬಿಡುವ ಹಾಗಿಲ್ಲ. 2023ರಲ್ಲಿ ಅಮೆರಿಕದ ಒಂದು ಕೋರ್ಟ್ ಕೇಸಿನಲ್ಲಿ ಸೋನಿಯ ಕಾಗದಪತ್ರ ಹೊರಗೆ ಬಂತು. ಮಾರ್ಕರಿನಿಂದ ಕಪ್ಪು ಬಳಿದಿದ್ದರೂ ಅಂಕಿಗಳು ಓದಲು ಸಿಕ್ಕವು. ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗಕ್ಕೆ 22 ಕೋಟಿ ಡಾಲರ್, ಅಂದರೆ ಅವತ್ತಿನ ದರದಲ್ಲಿ ಸುಮಾರು 1,800 ಕೋಟಿ ರೂಪಾಯಿ ಖರ್ಚಾಗಿತ್ತು. ಗೆರಿಲ್ಲಾದವರ ಹೊರೈಝನ್ ಫರ್ಬಿಡನ್ ವೆಸ್ಟ್‌ಗೆ 21.2 ಕೋಟಿ ಡಾಲರ್, ಐದು ವರ್ಷ, ಕೆಲಸ ಜೋರಾಗಿದ್ದಾಗ 300 ಜನ. ಇಷ್ಟು ದುಡ್ಡು, ಇಷ್ಟು ವರ್ಷ ಕಾಯಲು ಯಜಮಾನ ಯಾಕೆ ಒಪ್ಪುತ್ತಾನೆ? ಆ ಗೇಮಿಗಾಗಿ ಜನ ಪೆಟ್ಟಿಗೆ ಕೊಳ್ಳುತ್ತಾರೆ. ಪೆಟ್ಟಿಗೆ ಒಮ್ಮೆ ಮನೆಗೆ ಬಂದರೆ ಆಮೇಲೆ ಬೇರೆಯವರ ಗೇಮ್ ಕೊಂಡರೂ ಅದರಲ್ಲಿ ಒಂದು ಪಾಲು ಪೆಟ್ಟಿಗೆ ಮಾಡಿದ ಯಜಮಾನನಿಗೆ ಹೋಗುತ್ತದೆ. ಹಾಗಾಗಿ "ಇನ್ನಾರು ತಿಂಗಳು ತಗೊಳ್ಳಿ, ಚೆನ್ನಾಗಿ ಮಾಡಿ" ಅನ್ನುವುದು ಅವನಿಗೆ ಕಟ್ಟುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಆ ಕಲ್ಲುಕುಟಿಗರ ಕೈಚಳಕದ ಬಗ್ಗೆ ನಾವು ಮಾತಾಡುತ್ತೇವೆ, ಆಡಬೇಕು. ಆದರೆ ಅವರನ್ನು ಅವಸರ ಮಾಡದೆ ಅಷ್ಟು ಕಾಲ ಸಾಕಿದ ಒಂದು ಅರಮನೆ ಹಿಂದೆ ಇತ್ತು ಅನ್ನುವುದನ್ನೂ ನೆನಪಿಡಬೇಕು.

ಹಾಗಂತ ಎಕ್ಸ್‌ಕ್ಲೂಸಿವ್ ಅಂದ ತಕ್ಷಣ ಚಂದ ಬರುತ್ತದೆ ಅಂತ ತಿಳಿಯಬೇಡಿ. ರಾಕ್‌ಸ್ಟಾರ್ ಕಂಪನಿಯ 2018ರ ರೆಡ್ ಡೆಡ್ ರಿಡೆಂಪ್ಶನ್ 2 ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡಕ್ಕೂ ಬಂದ ಗೇಮ್. ಆ ಕಾಲದ ಅತಿ ಚಂದದ ಗೇಮ್‌ಗಳ ಸಾಲಿನಲ್ಲಿ ಅದನ್ನು ಬಿಡಲು ಆಗುವುದೇ ಇಲ್ಲ. ರಾಕ್‌ಸ್ಟಾರ್‌ನ ಬೆಂಗಳೂರಿನ ತಂಡವೂ ಅದಕ್ಕೆ ದುಡಿದಿದೆ. ಎರಡು ಪೆಟ್ಟಿಗೆ ಇದ್ದರೂ ಕಾಲ ಮತ್ತು ದುಡ್ಡು ಹೇರಳವಾಗಿತ್ತು. ಇನ್ನೊಂದು ಕಡೆ, ಎಕ್ಸ್‌ಬಾಕ್ಸ್‌ನ ಸ್ವಂತ ಗೇಮ್ ಹೇಲೋ ಇನ್‌ಫಿನಿಟ್ ನೋಡಿ. 2020ರ ಜುಲೈನಲ್ಲಿ ಅದನ್ನು ತೋರಿಸಿದಾಗ ಚಪ್ಪಟೆಯಾಗಿ ಕಾಣುತ್ತದೆ ಅಂತ ಜನ ಬೇಸರ ಮಾಡಿಕೊಂಡರು. ಹೊಸ ಕನ್ಸೋಲ್ ಜೊತೆ ಬರಬೇಕಿದ್ದದ್ದು 2021ರ ಡಿಸೆಂಬರಿಗೆ ಹೋಯಿತು. ಅದು 2013ರ ಹಳೆಯ ಎಕ್ಸ್‌ಬಾಕ್ಸ್ ಒನ್ ಮೇಲೂ ಓಡಬೇಕಿತ್ತು, 2020ರ ಹೊಸದರ ಮೇಲೂ, ಕಂಪ್ಯೂಟರ್ ಮೇಲೂ. ಮನೆಯ ಸ್ಟುಡಿಯೋ ಹೌದು, ಆದರೆ ಮಗ್ಗ ಒಂದಾಗಿರಲಿಲ್ಲ.

ಆ ಚಪ್ಪಟೆ ಅನ್ನುವ ಮಾತನ್ನು ಹಿಡಿದುಕೊಳ್ಳಿ. ನಾನು ಇವತ್ತು ನಿಜವಾಗಿ ಮಾತಾಡಬೇಕು ಅಂದುಕೊಂಡು ಬಂದದ್ದು ಅದರ ಬಗ್ಗೆ. ನೀವು ಗ್ರಾಫಿಕ್ಸ್ ಅಂದರೆ ರೆಸಲ್ಯೂಷನ್, ತ್ರಿಕೋನ, ಟೆರಾಫ್ಲಾಪ್ (ಯಂತ್ರದ ವೇಗದ ಅಳತೆ) ಅಂತ ಲೆಕ್ಕ ಹೇಳುತ್ತೀರಿ. ಕಣ್ಣಿಗೆ ನಿಜ ಅನಿಸುವುದು ಬೆಳಕಿನಿಂದ. ಹನ್ನೊಂದು ವರ್ಷ ದುಡಿದು ನಾನು ಕಲಿತ ಮುಖ್ಯ ಪಾಠ ಇದೇ.

ಬಾದಾಮಿಯ ಮೇಣಬಸದಿಗೆ ನೀವೆಲ್ಲ ಹೋಗಿದ್ದೀರಿ. ಮೂರನೇ ಗುಹೆ, ಮಂಗಳೇಶ ಮಾಡಿಸಿದ್ದು, ಅದರಲ್ಲಿ 578ರ ಶಾಸನ ಇದೆ. ಒಳಗೆ ನೇರ ಬಿಸಿಲು ಹೆಚ್ಚು ಬೀಳುವುದಿಲ್ಲ. ಆದರೂ ಕಂಬದ ಮೇಲಿನ ಸಣ್ಣ ಕೆತ್ತನೆ ಕಾಣುತ್ತದೆ, ಮೇಲಿನ ಚಾವಣಿ ಕಾಣುತ್ತದೆ. ಆ ಬೆಳಕು ಎಲ್ಲಿಂದ ಬಂತು? ಹೊರಗಿನ ಅಂಗಳದ ಕೆಂಪು ಕಲ್ಲಿನ ಮೇಲೆ ಬಿದ್ದ ಬೆಳಕು ಪುಟಿದು ಒಳಗೆ ಬರುತ್ತದೆ. ಅಲ್ಲಿಂದ ಕಂಬಕ್ಕೆ, ಕಂಬದಿಂದ ಚಾವಣಿಗೆ. ಪ್ರತಿ ಸಲ ಪುಟಿದಾಗ ಸ್ವಲ್ಪ ಮಂಕಾಗುತ್ತದೆ, ಸ್ವಲ್ಪ ಕೆಂಪಾಗುತ್ತದೆ. ಒಂದು ಬಿಳಿ ಹಾಳೆಯನ್ನು ಹೊರಗೆ ಬಿಸಿಲಲ್ಲಿ ಹಿಡಿದು ನೋಡಿ, ಬಿಳಿಯಾಗಿರುತ್ತದೆ. ಅದೇ ಹಾಳೆಯನ್ನು ಗುಹೆಯೊಳಗೆ, ಮುಖ ನೆಲದ ಕಡೆ ಮಾಡಿ ಹಿಡಿಯಿರಿ. ಹಾಳೆಗೆ ಕಾವಿ ಹತ್ತಿದ ಹಾಗೆ ಆಗುತ್ತದೆ. ನಮ್ಮ ಕಣ್ಣು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅದು ಇಲ್ಲದಿದ್ದರೆ ಮಾತ್ರ ಏನೋ ತಪ್ಪಿದೆ, ಮಣ್ಣಿನ ಗೊಂಬೆಯ ಹಾಗಿದೆ ಅಂತ ತಕ್ಷಣ ಹೇಳಿಬಿಡುತ್ತದೆ.

ಈ ಪುಟಿಯುವ ಬೆಳಕಿನ ಲೆಕ್ಕ ಯಂತ್ರಕ್ಕೆ ಬಹಳ ಭಾರ. ಒಂದೊಂದು ಕಿರಣದ ಹಿಂದೆ ಓಡಬೇಕು. 16 ಮಿಲಿಸೆಕೆಂಡಿನಲ್ಲಿ ಎಲ್ಲಿ ಓಡುವುದು? ಅದಕ್ಕೆ ಸ್ಟುಡಿಯೋಗಳು ಬೆಳಕನ್ನು ಮೊದಲೇ ಬೇಯಿಸಿಡುತ್ತವೆ. ಬೇಕಿಂಗ್ ಅಂತಲೇ ಅದಕ್ಕೆ ಹೆಸರು. ನಮ್ಮ ಖಡಕ್ ರೊಟ್ಟಿ ಇದೆಯಲ್ಲ, ಹಾಗೆ. ಮನೆಯಲ್ಲಿ ಪುರಸೊತ್ತಾಗಿ ಬಡಿದು, ಬೇಯಿಸಿ, ಒಣಗಿಸಿ ಗಂಟು ಕಟ್ಟಿಕೊಂಡರೆ ದಾರಿಯಲ್ಲಿ ಒಲೆ ಹಚ್ಚುವ ಕೆಲಸವಿಲ್ಲ. ಆಫೀಸಿನ ಕಂಪ್ಯೂಟರುಗಳು ರಾತ್ರಿಯಿಡೀ ಕೂತು ಯಾವ ಗೋಡೆಗೆ ಎಷ್ಟು ಬೆಳಕು ಅಂತ ಲೆಕ್ಕ ಹಾಕಿ, ಅದನ್ನು ಗೋಡೆಯ ಮೇಲೆಯೇ ಬರೆದಿಡುತ್ತವೆ. ಬಿಸಿ ಬಿಸಿ ರೊಟ್ಟಿಯನ್ನು ಊಟಕ್ಕೆ ಕೂತವರ ಎದುರೇ ಬೇಯಿಸಿ ಹಾಕುವುದು ರೇ ಟ್ರೇಸಿಂಗ್. 2020ರ ಕನ್ಸೋಲುಗಳಿಂದ ಅದು ಸ್ವಲ್ಪ ಸ್ವಲ್ಪ ಸಾಧ್ಯವಾಗುತ್ತಿದೆ.

ಖಡಕ್ ರೊಟ್ಟಿಗೆ ಒಂದು ತೊಂದರೆ ಇದೆ. ಗೋಡೆ ಅಲುಗಾಡುವುದಿಲ್ಲ, ಅದರ ಬೆಳಕನ್ನು ಬರೆದಿಡಬಹುದು. ಮನುಷ್ಯ ಓಡಾಡುತ್ತಾನೆ. ಅವನು ಗೋಡೆಗೆ ಒರಗಿದಾಗ ಗೋಡೆಯ ಮೇಲೆ ಮೆತ್ತನೆಯ ನೆರಳು ಬೀಳದಿದ್ದರೆ ಅಂಟಿಸಿದ ಸ್ಟಿಕ್ಕರಿನ ಹಾಗೆ ಕಾಣುತ್ತಾನೆ. ಮೊದಲ ದಿ ಲಾಸ್ಟ್ ಆಫ್ ಅಸ್‌ನಲ್ಲಿ ಇದಕ್ಕೆ ಮಾಡಿದ ಉಪಾಯ ನನಗೆ ಇವತ್ತಿಗೂ ಖುಷಿ ಕೊಡುತ್ತದೆ. ಮನುಷ್ಯನ ಮೈಯನ್ನು ಔಷಧದ ಕ್ಯಾಪ್ಸೂಲಿನಂಥ ಕೆಲವು ತುಂಡುಗಳು ಅಂತ ಹಿಡಿದರು. ತೋಳಿಗೆ ಒಂದು, ತೊಡೆಗೆ ಒಂದು, ಎದೆಗೆ ಒಂದು, ಹೀಗೆ. ಬಟ್ಟೆಯ ಮಡಿಕೆ, ಬೆರಳು, ಕೂದಲು ಯಾವುದೂ ಲೆಕ್ಕಕ್ಕಿಲ್ಲ. ಈ ಕ್ಯಾಪ್ಸೂಲುಗಳು ಎಷ್ಟು ಬೆಳಕನ್ನು ತಡೆಯುತ್ತವೆ ಅಂತ ಅಷ್ಟು ಮಾತ್ರ ಲೆಕ್ಕ ಹಾಕಿ ಮೆತ್ತನೆಯ ನೆರಳು ಹಾಕಿದರು. ಮಸುಕಾದ ನೆರಳಿನಲ್ಲಿ ಬೆರಳು ಯಾರು ಎಣಿಸುತ್ತಾರೆ? ಯಾರೂ ಇಲ್ಲ. ಆ ಗೇಮ್ ಆಡಿದವರು ಪಾಳುಬಿದ್ದ ಮನೆಗಳ ಒಳಗೆ ಕಥೆಯ ಮುಖ್ಯ ಪಾತ್ರಗಳಿಬ್ಬರು ನಿಂತಿದ್ದಾರೆ ಅಂತಲೇ ನಂಬಿದರು.

ಬಿಡುವುದು ತಿಳಿದವರು ಚಿತ್ರದ ಶೈಲಿಯಲ್ಲೂ ಬಿಡುತ್ತಾರೆ. ನಿಂಟೆಂಡೊ 2000ದಲ್ಲಿ ತನ್ನ ಝೆಲ್ಡಾ ಗೇಮ್ ಸರಣಿಯ ನಿಜದಂಥ ಒಂದು ತುಣುಕು ತೋರಿಸಿತ್ತು. ಜನ ಅದಕ್ಕಾಗಿ ಕಾದರು. ಮರುವರ್ಷ ನೋಡಿದರೆ ಬಂದದ್ದು ದೊಡ್ಡ ಕಣ್ಣಿನ ವ್ಯಂಗ್ಯಚಿತ್ರದಂಥ ಹುಡುಗ. ಬಹಳ ಜನ ಸಿಟ್ಟಾದರು. 2002ರಲ್ಲಿ ಆ ಗೇಮ್, ವಿಂಡ್ ವೇಕರ್, ಜಪಾನಿನಲ್ಲಿ ಹೊರಬಂತು. ಅದೇ ಕಾಲದಲ್ಲಿ ನಿಜದಂತೆ ಕಾಣಲು ಹೊರಟ ಎಷ್ಟೋ ಗೇಮ್‌ಗಳ ಮುಖಗಳು ಇವತ್ತು ಮರದ ಮುಖವಾಡದಂತಿವೆ. ವಿಂಡ್ ವೇಕರ್‌ನ ಸಮುದ್ರ ಇವತ್ತಿಗೂ ಹಾಗೇ ಇದೆ. 2017ರ ಬ್ರೆತ್ ಆಫ್ ದಿ ವೈಲ್ಡ್ ಕೂಡ ಅಷ್ಟೇ. ಬರೀ 4 ಜಿಬಿ ಮೆಮೊರಿಯ, ಸ್ವಿಚ್ ಅನ್ನುವ ನಿಂಟೆಂಡೊ ಕನ್ಸೋಲ್ ಮೇಲೆ ಓಡಿದ ಬಯಲು ಅದು. ಹುಲ್ಲು, ಗಾಳಿ, ದೂರದ ಬೆಟ್ಟದ ಮಂಜು, ಇಷ್ಟನ್ನು ಹಿಡಿದುಕೊಂಡು ಉಳಿದದ್ದನ್ನು ನೀರುಬಣ್ಣದ ಚಿತ್ರದ ಹಾಗೆ ಬಿಟ್ಟರು.

ನಮ್ಮ ಪಕ್ಕದ ಪುಣೆಯಲ್ಲಿ ನಾಡಿಂಗ್ ಹೆಡ್ಸ್ ಅಂತ ಸಣ್ಣ ಸ್ಟುಡಿಯೋ ಇದೆ. 2020ರಲ್ಲಿ ರಾಜಿ ಅನ್ನುವ ಗೇಮ್ ಮಾಡಿದರು, ಮೊದಲು ಸ್ವಿಚ್‌ಗೆ ಬಂತು. ರಾಜಸ್ಥಾನದ ಕಟ್ಟಡ, ಪಹಾಡಿ ಚಿತ್ರಗಳ ಬಣ್ಣ. ಕಥೆ ಹೇಳುವ ಜಾಗದಲ್ಲಿ ಮುಖದ ಆನಿಮೇಷನ್‌ಗೆ ದುಡ್ಡು ಸುರಿಯದೆ ನೆರಳಿನ ಗೊಂಬೆಯಾಟ ತಂದರು. ಅದನ್ನು ನೋಡಿದಾಗ ನಮ್ಮ ಕಡೆಯ ತೊಗಲು ಗೊಂಬೆ ನೆನಪಾಗಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಇದು ನಮ್ಮ ಹತ್ತಿರವೂ ಇತ್ತಲ್ಲ ಅಂತ.

ಒಂದು ಮಾತು ಆಡುವವರಿಗೆ. 2018ರಲ್ಲಿ ಸ್ಪೈಡರ್‌ಮ್ಯಾನ್ ಬರುವ ಸ್ವಲ್ಪ ಮೊದಲು, ಹಿಂದಿನ ವರ್ಷ ತೋರಿಸಿದ ವಿಡಿಯೋದಲ್ಲಿದ್ದ ನೀರಿನ ಹೊಂಡ ಈಗಿನ ಚಿತ್ರದಲ್ಲಿ ಸಣ್ಣದಾಗಿದೆ ಅಂತ ದೊಡ್ಡ ಗಲಾಟೆ ಎದ್ದಿತು. ಗ್ರಾಫಿಕ್ಸ್ ಇಳಿಸಿದ್ದಾರೆ ಅಂತ. ಹೊಂಡದ ಅಳತೆ ಬದಲಿಸಿದ್ದೇವೆ ಅಷ್ಟೇ ಅಂತ ಸ್ಟುಡಿಯೋದವರು ಹೇಳಿದರು. ಆಮೇಲೆ ಅಂಟಿಸಿ ಆಡಲು ಹೊಂಡದ ಸ್ಟಿಕ್ಕರನ್ನೇ ಕೊಟ್ಟರು. ಒಂದು ಬೀದಿಯನ್ನು ಕಟ್ಟುವವನು ಹೊಂಡವನ್ನು ನೂರು ಸಲ ಅತ್ತಿತ್ತ ಸರಿಸುತ್ತಾನೆ. ಗೇಮನ್ನು ನಿಲ್ಲಿಸಿ, ಚಿತ್ರ ದೊಡ್ಡದು ಮಾಡಿ ತಪ್ಪು ಹುಡುಕುವ ಮೊದಲು ಅದು ಓಡುವಾಗ ಹೇಗಿದೆ ಅಂತ ನೋಡಿ ಅಂತ ಕೇಳಿಕೊಳ್ಳುತ್ತೇನೆ. ಖಣವನ್ನು ಭೂತಗನ್ನಡಿಯಲ್ಲಿ ನೋಡಿ ಕೊಳ್ಳುವವರಿಲ್ಲ.

ಇನ್ನು ಕೆಲಸದ ಬಗ್ಗೆ ನೀವು ಕೇಳಿದಿರಿ. ಬೆಂಗಳೂರಿನಲ್ಲಿ ಈ ಕೆಲಸ ಹಳೆಯದು. ಧ್ರುವ ಇಂಟರಾಕ್ಟಿವ್ ಅನ್ನುವ ಸ್ಟುಡಿಯೋ 1997ರಲ್ಲೇ ಶುರುವಾಗಿತ್ತು. ಫೋರ್ಝಾದಂಥ ಕಾರ್ ರೇಸಿನ ಗೇಮ್‌ಗಳಿಗೆ ಅಲ್ಲಿಯವರು ದುಡಿದಿದ್ದಾರೆ. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ನೀವು ಹೊರದೇಶದ್ದು ಅಂದುಕೊಂಡು ಆಡುವ ಎಷ್ಟೋ ಗೇಮಿನ ಬಂಡೆ, ಬಾಗಿಲು, ಗಾಡಿಯ ಚಕ್ರ ನಮ್ಮವರ ಕೈಯಲ್ಲಿ ಆದದ್ದು. ನಾನು ದುಡಿದ ಜಾಗದಲ್ಲಿ ಒಂದು ಬಾವಿ ಮಾಡಲು ನನಗೆ ಆರು ವಾರ ಹಿಡಿಯಿತು. ನಮ್ಮೂರ ಬಾವಿ ನೆನಪಿಟ್ಟುಕೊಂಡು ಹಗ್ಗ ಉಜ್ಜಿ ಸವೆದ ಕಲ್ಲಿನ ಅಂಚನ್ನೂ ಮಾಡಿದ್ದೆ. ಒಂದು ದಿನ ಬಂದು, ಕ್ಯಾಮರಾ ಇದರ ಹತ್ತಿರ ಹೋಗುವುದಿಲ್ಲ, ತ್ರಿಕೋನ ಹತ್ತನೇ ಒಂದು ಪಾಲಿಗೆ ಇಳಿಸಿ ಅಂದರು. ರಾತ್ರಿ ನಿದ್ದೆ ಬರಲಿಲ್ಲ. ಆದರೆ ಇಳಿಸಿದೆ. ಅಂಚು ಸವೆದ ಆ ಬಾಗು ಒಂದನ್ನು ಉಳಿಸಿಕೊಂಡೆ, ಉಳಿದದ್ದೆಲ್ಲ ಬಿಟ್ಟೆ. ದೂರದಿಂದ ನೋಡಿದರೆ ಅದೇ ಬಾವಿ.

ಆ ಕೆಲಸದಲ್ಲಿ ಕೆಟ್ಟದ್ದೂ ಇತ್ತು, ಮುಚ್ಚಿಡುವುದಿಲ್ಲ. ಗೇಮ್ ಮುಗಿಯುವ ಕೊನೆಯ ತಿಂಗಳುಗಳಲ್ಲಿ ರಾತ್ರಿ ಎರಡಕ್ಕೆ ಮನೆಗೆ ಹೋಗಿ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಕೂರುವುದು. ನನ್ನ ಬೆನ್ನು ಅಲ್ಲೇ ಹಾಳಾಯಿತು. ಚಂದದ ಚಿತ್ರಕ್ಕೆ ಕಾಲ ಬೇಕು ಅಂದೆನಲ್ಲ, ಆ ಕಾಲವನ್ನು ಯಜಮಾನ ಕೊಡದಿದ್ದರೆ ಹುಡುಗರ ಮೈಯಿಂದ ತೆಗೆಯುತ್ತಾರೆ. ನೀವು ಕೆಲಸಕ್ಕೆ ಸೇರುವಾಗ ಸಂಬಳದ ಜೊತೆ ಇದನ್ನೂ ಕೇಳಿಕೊಳ್ಳಿ.

ಆ ಹುಡುಗ ಇನ್ನೂ ಬಾಗಿಲ ಹತ್ತಿರವೇ ನಿಂತಿದ್ದಾನೆ. ತಮ್ಮಾ, ನಿಮ್ಮಣ್ಣನ ಕಂಪ್ಯೂಟರ್ ಒಳ್ಳೆಯದೇ. 3ಡಿ ಚಿತ್ರ ಮಾಡುವ ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್ ಅದಕ್ಕೆ ಪುಕ್ಕಟೆ ಸಿಗುತ್ತದೆ, ಇವತ್ತೇ ಹಾಕಿಕೋ. ಒಂದು ಕೋಣೆ ಮಾಡು, ಒಂದೇ ಕಿಟಕಿ ಇಡು, ಒಂದು ಗೋಡೆಗೆ ಕೆಂಪು ಬಣ್ಣ ಬಳಿ. ಎದುರಿನ ಬಿಳಿ ಗೋಡೆ ಏನಾಗುತ್ತದೆ ನೋಡು.

ಬರುವ ಭಾನುವಾರ ನಾನು ಬಾದಾಮಿಗೆ ಹೋಗುತ್ತಿದ್ದೇನೆ. ಬೆಳಿಗ್ಗೆ ಆರೂವರೆಗೆ ನವನಗರದ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ, ಬರುವವರು ಬನ್ನಿ. ಮೂರನೇ ಗುಹೆಯಲ್ಲಿ ಮಧ್ಯಾಹ್ನದವರೆಗೆ ಕೂತು, ಗಂಟೆಗೊಮ್ಮೆ ಅದೇ ಕಂಬವನ್ನು ಬಿಡಿಸೋಣ. ಪೆನ್ಸಿಲ್ ಸಾಕು. ಜೊತೆಗೆ ಒಂದು ಬಿಳಿ ಹಾಳೆ ತನ್ನಿ, ಮಂಗಗಳು ಕಸಿದುಕೊಳ್ಳುತ್ತವೆ, ಎರಡೇ ಇರಲಿ.